ಕನ್ನಡದ ಪಾತಕ, ಕೊಂಕಣಿಯ ಪಾತಕ್

ಪಾಸ್ಕಲ್ ಕ್ರಾಸ್ತನಿಗೆ ಮೆಲ್ಲಗೆ ಮಾತನಾಡಲು ಬರುವುದಿಲ್ಲ. ನಾಲ್ಕನೆಯ ಕ್ಲಾಸಿನಲ್ಲಿ ನನ್ನ ಎದುರಿನ ಬೆಂಚಿನಲ್ಲಿ ಕೂತು ಮಗ್ಗಿ ಹೇಳುತ್ತಿದ್ದಾಗಲೂ ಹೀಗೆಯೇ ಇದ್ದ. ಒಂದು ದಿನ ಪಕ್ಕದ ಕ್ಲಾಸಿನ ಮಾಸ್ಟರು ಬಾಗಿಲಿಗೆ ಬಂದು, "ಶಂಕರಿ ಟೀಚರೆ, ನಿಮ್ಮ ಪಾಸ್ಕಲ್ ಹೇಳಿದ ಮಗ್ಗಿ ನಮ್ಮ ಮಕ್ಕಳಿಗೂ ಬಾಯಿಪಾಠ ಆಯ್ತು" ಎಂದು ಹೇಳಿ ಹೋದರು. ಹೊಗಳಿದ್ದೋ ದೂರಿದ್ದೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಈಗ ಅವನು ಪೆರ್ಲದಲ್ಲಿ ಆಟೋ ಓಡಿಸುತ್ತಾನೆ, ಭಾನುವಾರ ಇಗರ್ಜಿಯಲ್ಲಿ ಹಾಡುತ್ತಾನೆ, ನಮ್ಮ ಮನೆಯ ಪಕ್ಕದಲ್ಲೇ ವಾಸ. ನಡುವೆ ಒಂದು ಕೆಂಪುಕಲ್ಲಿನ ಗೋಡೆ ಉಂಟು. ಅವನ ಕೋಳಿಗಳು ನಮ್ಮ ಬಸಳೆಯ ಚಪ್ಪರಕ್ಕೆ ನುಗ್ಗದಿರಲಿ ಎಂದು ನಾವು ಕಟ್ಟಿಸಿದ್ದು. ಕೋಳಿಗಳು ನಿಂತವು, ಅವನ ಧ್ವನಿ ನಿಲ್ಲಲಿಲ್ಲ.

ಸಂಜೆ ಏಳು ಗಂಟೆಗೆ ಆ ಮನೆಯಲ್ಲಿ ತೇರ್ಸ್ ಶುರುವಾಗುತ್ತದೆ. ಕೈಯಲ್ಲಿ ಜಪಮಾಲೆ ಹಿಡಿದು ಎಲ್ಲರೂ ಒಟ್ಟಿಗೆ ಮಾಡುವ ಪ್ರಾರ್ಥನೆ ಅದು. ಪಾಸ್ಕಲ್ "ನಮಾನ್ ಮೊರಿಯೆ" ಎಂದು ಅರ್ಧ ಹೇಳುತ್ತಾನೆ, ಉಳಿದ ಅರ್ಧವನ್ನು ಹೆಂಡತಿ ಲವೀನಾ, ಮಗಳು ಜೊವಿಟಾ ಹೇಳುತ್ತಾರೆ. ನಾನು ಹುಟ್ಟಾ ಹವ್ಯಕರ ಮನೆಯವಳು. ಆದರೂ ಕೇಳಿ ಕೇಳಿ ಎಷ್ಟನೆಯ ಮಣಿಗೆ ಅವನಿಗೆ ಆಕಳಿಕೆ ಬರುತ್ತದೆ ಎಂಬುದು ಸಹ ನನಗೆ ಅಂದಾಜಾಗಿದೆ. ಅವರ ತೇರ್ಸ್ ಶುರುವಾಯಿತೆಂದರೆ ನಾನು ಕುಕ್ಕರ್ ಒಲೆಯ ಮೇಲೆ ಇಡುವುದು. ನನ್ನ ಯಜಮಾನರು ಉದಯಶಂಕರರಿಗೆ ಕಿವಿ ಮಂದ, ಅವರೊಬ್ಬರಿಗೇ ಈ ಮನೆಯಲ್ಲಿ ಸಂಜೆ ನಿಶ್ಶಬ್ದ.

ಪಾಸ್ಕಲನ ಅಪ್ಪ ಬಸ್ತ್ಯಾಂವ್ ಕಲ್ಲಿನ ಕೋರೆಯಲ್ಲಿ ಕೆಂಪುಕಲ್ಲು ಕಡಿಯುತ್ತಿದ್ದವನು. ಆ ಮನುಷ್ಯ ತೇರ್ಸಿಗೆ ಕೂರುತ್ತಿರಲಿಲ್ಲ. ಹೆಂಡತಿ ಮಕ್ಕಳು ಒಳಗೆ ಮೊಣಕಾಲೂರಿದರೆ ಅವನು ಹೊರಗಿನ ಮೆಟ್ಟಿಲಲ್ಲಿ ಬೀಡಿ ಸೇದುತ್ತ ಕೂತಿರುತ್ತಿದ್ದ. ಆದರೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಬೀಡಿ ಬಿಸಾಡಿ, ಬಾಯಿ ಮುಕ್ಕಳಿಸಿ ಒಳಗೆ ಬರುತ್ತಿದ್ದ. ಯಾಕೆಂದರೆ ಕೊನೆಗೆ ಬೆಸಾಂವ್ ಉಂಟು. ಮಕ್ಕಳು ಒಬ್ಬೊಬ್ಬರಾಗಿ ಹಿರಿಯರ ಮುಂದೆ ಕೈಮುಗಿದು "ಬೆಸಾಂವ್ ದಿ" ಎಂದು ಆಶೀರ್ವಾದ ಕೇಳಬೇಕು, ಹಿರಿಯರು ತಲೆಯ ಮೇಲೆ ಕೈಯಿಟ್ಟು ಕೊಡಬೇಕು. ಅಪ್ಪ ದೇವರೊಂದಿಗೆ ಮಾತು ಬಿಟ್ಟಿದ್ದರೂ ಮಕ್ಕಳ ತಲೆ ಮುಟ್ಟದೆ ಮಲಗಿದವನಲ್ಲ ಎಂದು ಪಾಸ್ಕಲ್ ಒಮ್ಮೆ ನನ್ನನ್ನು ಆಟೋದಲ್ಲಿ ಕರೆದುಕೊಂಡು ಹೋಗುವಾಗ ಹೇಳಿದ್ದ. ಹೇಳುವಾಗ ಅವನ ಕಣ್ಣು ರಸ್ತೆಯ ಮೇಲಿತ್ತು.

ಅವನು ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಮುದುಕರು ಹತ್ತಿದರೆ ಆಟೋ ತೊಟ್ಟಿಲು ತೂಗಿದ ಹಾಗೆ ಓಡುತ್ತದೆ. ಲವೀನಾ ಕುಟುಂಬಶ್ರೀ ಎಂಬ ಹೆಂಗಸರ ಸಂಘದ ಕ್ಯಾಂಟೀನಿನಲ್ಲಿ ಕೆಲಸ ಮಾಡುವವಳು, ಬೆಳಿಗ್ಗೆ ಬೇಗ ಹೋಗಬೇಕು. ಹಾಗಾಗಿ ಮಗಳಿಗೆ ಜಡೆ ಹಾಕುವುದು ಅವನೇ. ಜಡೆ ಸ್ವಲ್ಪ ವಾರೆ, ಅದು ಬೇರೆ ವಿಷಯ.

ಜೊವಿಟಾ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಕಲಿಯುವ ಹುಡುಗಿ. ನಮ್ಮದು ಗಡಿಯೂರು, ಶಾಲೆಯಲ್ಲಿ ಮಲಯಾಳ ಉಂಟು, ಹಿಂದಿ ಉಂಟು, ಕನ್ನಡ ಇಲ್ಲ. ಆದರೆ ಇವರ ಕೊಂಕಣಿ ಪ್ರಾರ್ಥನೆಯ ಪುಸ್ತಕಗಳೆಲ್ಲ ಕನ್ನಡ ಅಕ್ಷರದಲ್ಲಿವೆ. ಈ ವರ್ಷ ಅವಳಿಗೆ ಪಯ್ಲೊ ಕುಮ್ಗಾರ್, ಅಂದರೆ ಮೊದಲ ಸಲ ಪರಮಪ್ರಸಾದ ಸ್ವೀಕರಿಸುವ ಹಬ್ಬ. ಮಗಳು ಪುಸ್ತಕ ತಲೆಕೆಳಗೆ ಹಿಡಿದದ್ದು ನೋಡಿ ಪಾಸ್ಕಲ್ ನನ್ನ ಜಗಲಿಗೆ ಬಂದ. "ಟೀಚರೆ, ನನಗೆ ಅಕ್ಷರ ಕಲಿಸಿದ್ದು ನೀವೇ. ಇವಳಿಗೂ ಒಂದು ದಾರಿ ಮಾಡಿ." ಹೀಗೆ ದಿನಾ ಸಂಜೆ ಜೊವಿ ನಮ್ಮ ಜಗಲಿಗೆ ಬರತೊಡಗಿದಳು. ನನ್ನನ್ನು ಟೀಚರಜ್ಜಿ ಎಂದು ಕರೆಯುತ್ತಾಳೆ. ಒತ್ತಕ್ಷರ ಬಂದಲ್ಲಿ ನಾಲಗೆ ಹೊರಗೆ ಹಾಕಿ ಓದುತ್ತಾಳೆ. ನನಗೆ ಅವಳೆಂದರೆ ಜೀವ, ಅದನ್ನು ಮುಚ್ಚಿಡುವುದು ಯಾಕೆ?

ಆ ದೊಡ್ಡ ನೋಂಬಿನ, ಅಂದರೆ ಅವರ ಉಪವಾಸದ, ದಿನಗಳಲ್ಲಿ ಇಗರ್ಜಿಯಲ್ಲಿ ಕುಮ್ಗಾರಿನ ಮಕ್ಕಳ ತಂದೆತಾಯಿಗಳಿಗೂ ಒಂದು ಕ್ಲಾಸಿತ್ತು. ಮಕ್ಕಳಿಗೆ ಮನೆಯೇ ಮೊದಲ ಇಗರ್ಜಿ, ಪ್ರಾರ್ಥನೆಯ ಹೊತ್ತಿಗೆ ಟೀವಿ ಬೇಡ, ಫೋನ್ ಬೇಡ, ನೀವು ಮಾಡಿದ್ದನ್ನು ನೋಡಿಯೇ ಅವರು ಕಲಿಯುವುದು ಎಂದು ಫಾದರ್ ಹೇಳಿದರಂತೆ. ಪಾಸ್ಕಲ್ ಅದನ್ನು ತಲೆಗೆ ಹತ್ತಿಸಿಕೊಂಡು ಬಂದ. ಮೊದಲೆಲ್ಲ ತೇರ್ಸಿನ ನಡುವೆ ಫೋನ್ ಬಂದರೆ ಎದ್ದು ಹೋಗಿ ಮಾತಾಡಿ ಬರುತ್ತಿದ್ದವನು, ಈಗ ಭೂಮಿ ಅಡಿಮೇಲಾದರೂ ಎದ್ದೇಳುವುದಿಲ್ಲ ಎಂದು ಗೋಡೆಯಾಚೆಯಿಂದಲೇ ನನಗೆ ಘೋಷಿಸಿದ. ಒಳ್ಳೆಯದಾಯಿತು ಮಾರಾಯ ಎಂದೆ.

ಅದಾಗಿ ಒಂದು ವಾರವೂ ಆಗಿರಲಿಲ್ಲ, ನನ್ನ ಯಜಮಾನರು ಕಣ್ಣು ತೋರಿಸಲು ಪುತ್ತೂರಿಗೆ ಹೋಗಿದ್ದರು. ಹಿಂದೆ ಬರುವ ಬಸ್ಸು ತಡವಾಗಿ, ಪೆರ್ಲದಲ್ಲಿ ಇಳಿಯುವಾಗ ಕತ್ತಲಾಗಿತ್ತು. ಕಣ್ಣಿಗೆ ಔಷಧಿ ಬಿಟ್ಟದ್ದರಿಂದ ಎಲ್ಲ ಮಂಜು ಮಂಜು. "ಇಲ್ಲಿ ಒಂದೇ ಒಂದು ಆಟೋ ಇಲ್ಲ, ಪಾಸ್ಕಲನಿಗೆ ಹೇಳು" ಎಂದು ಫೋನ್ ಮಾಡಿದರು. ನಾನು ಪಾಸ್ಕಲನಿಗೆ ಫೋನ್ ಮಾಡಿದೆ. ಜೊವಿ ಎತ್ತಿದಳು.

"ಪಪ್ಪ ಮನೆಯಲ್ಲಿ ಇಲ್ಲ ಟೀಚರಜ್ಜಿ" ಎಂದಳು.

ಅದೇ ಹೊತ್ತಿಗೆ ಬಲಗಿವಿಯಲ್ಲಿ ಫೋನಿನ ಒಳಗಿಂದ, ಎಡಗಿವಿಯಲ್ಲಿ ಗೋಡೆಯ ಮೇಲಿಂದ, ಪಾಸ್ಕಲ್ ಕ್ರಾಸ್ತನ "ನಮಾನ್ ಮೊರಿಯೆ" ನನಗೆ ಕೇಳಿಸುತ್ತಿತ್ತು.

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುವುದು, ಎಲ್ಲರಿಗೂ ಗೊತ್ತು. ಪ್ರಾರ್ಥನೆ ಮುಗಿಸಿ ಬರುತ್ತೇನೆ ಎಂದಿದ್ದರೆ ನಾನೇನು ಬೇಡ ಅನ್ನುತ್ತಿದ್ದೆನೇ? ಕೊನೆಗೆ ನಮ್ಮವರು ಮೀನಿನ ಟೆಂಪೋ ಒಂದಕ್ಕೆ ಕೈ ಅಡ್ಡ ಹಿಡಿದು ಮನೆ ಸೇರಿದರು. ಬಂಗುಡೆಯ ವಾಸನೆ ಹೊತ್ತ ಅಂಗಿಯನ್ನು ನಾನು ಬಾವಿಕಟ್ಟೆಯಲ್ಲೇ ತೆಗೆಸಿದೆ. ಎಂಟು ಗಂಟೆಯ ಹೊತ್ತಿಗೆ ಪಾಸ್ಕಲನ ಫೋನ್ ಬಂತು. "ಟೀಚರೆ, ಫೋನ್ ಮಾಡಿದ್ದಿರಂತೆ. ಇಗರ್ಜಿಯಲ್ಲಿ ಹಾಡಿನ ಪ್ರಾಕ್ಟೀಸು ಇತ್ತು, ಈಗಷ್ಟೆ ಬಂದೆ." ಆ ಮಾತೂ ಗೋಡೆಯ ಮೇಲಿಂದ ನನಗೆ ಇನ್ನೊಮ್ಮೆ ಕೇಳಿಸಿತು. "ಹೌದಾ" ಎಂದಷ್ಟೇ ಹೇಳಿ ಫೋನ್ ಇಟ್ಟೆ. ಮರುದಿನದಿಂದ ಅವನನ್ನು ಕಂಡರೆ ಬಸಳೆಯ ಎಲೆ ಎಣಿಸುವವಳ ಹಾಗೆ ತಿರುಗಿ ನಿಲ್ಲುತ್ತಿದ್ದೆ.

ಜೊವಿಯ ಮೇಲೆ ನನಗೆ ಸಿಟ್ಟಿರಲಿಲ್ಲ. ಅವಳೇ ಎರಡು ದಿನ ಪಾಠಕ್ಕೆ ಬರಲಿಲ್ಲ. ಮೂರನೆಯ ದಿನ ಬಂದಳು, ಪುಸ್ತಕ ತೆರೆದಳು, ಒಂದೊಂದೇ ಅಕ್ಷರ ಕೂಡಿಸಿ ಒಂದು ಶಬ್ದ ಓದಿ ನಿಲ್ಲಿಸಿದಳು.

"ಪಾತಕ್. ಟೀಚರಜ್ಜಿ, ಈ ಶಬ್ದ ಕನ್ನಡದಲ್ಲಿಯೂ ಉಂಟಾ?"

"ಉಂಟು. ಪಾತಕ."

"ಕನ್ನಡದಲ್ಲಿ ಹಾಗೆಂದರೆ ಎಂತ?"

ನನಗೆ ಪಾಠ ಮಾಡುವ ಹುಚ್ಚು. ಬಾಯಿ ತೆರೆದೆ. "ನಿಮ್ಮ ಕೊಂಕಣಿಯಲ್ಲಿ ಸಣ್ಣ ಪುಟ್ಟ ಪಾಪಕ್ಕೂ ಪಾತಕ್ ಅಂತಾರೆ. ಕನ್ನಡದಲ್ಲಿ ಹಾಗಲ್ಲ. ಪಾಪ ಅಂದ್ರೆ ಸಣ್ಣದು. ಪಾತಕ ಅಂದ್ರೆ ಕೊಲೆ ಮಾಡುದು, ಊರಿಗೆ ಬೆಂಕಿ ಹಾಕುದು, ಅಂಥ ದೊಡ್ಡದು."

ಹುಡುಗಿಯ ಮುಖ ಬಿಳಚಿಕೊಂಡಿತು. ಬೆರಳು ಇನ್ನೂ ಆ ಶಬ್ದದ ಮೇಲೆಯೇ ಇತ್ತು.

"ಹಾಗಾದ್ರೆ, ಕನ್ನಡದಲ್ಲಿ ಮಾಡಿದ್ರೆ?"

"ಎಂತ ಮಾಡಿದ್ರೆ?"

"ಸುಳ್ಳು ಕನ್ನಡದಲ್ಲಿ ಹೇಳಿದ್ರೆ ಅದು ಕನ್ನಡದ ಪಾತಕವಾ, ಕೊಂಕಣಿಯ ಪಾತಕ್ಕಾ?"

ನಗು ಗಂಟಲವರೆಗೆ ಬಂದಿತ್ತು. ಅವಳ ಕಣ್ಣು ತುಂಬಿದ್ದು ನೋಡಿ ಅಲ್ಲೇ ನಿಂತಿತು. ನನ್ನ ಹತ್ತಿರ ಮಾತಾಡಿದ್ದು ಕನ್ನಡದಲ್ಲಿ, ಸುಳ್ಳು ಹೇಳಿದ್ದೂ ಕನ್ನಡದಲ್ಲಿ. ಕಲಿಸಲು ಹೋಗಿ ನಾನು ಆ ಮಗುವಿನ ತಲೆಯ ಮೇಲೆ ಕೊಲೆಯಷ್ಟು ಭಾರ ಇಟ್ಟಿದ್ದೆ. ಹತ್ತಿರ ಎಳೆದು ಕೂರಿಸಿಕೊಂಡೆ. ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ತೇರ್ಸಿನ ನಡುವೆ ಫೋನ್ ಬಡಿದುಕೊಂಡಾಗ ಪಪ್ಪ ಪ್ರಾರ್ಥನೆ ನಿಲ್ಲಿಸದೆ, ಇಲ್ಲ ಅಂತ ಹೇಳು ಎಂದು ಕೈಯಾಡಿಸಿದ್ದು. ಅವಳು ಹೇಳಿದ್ದು. ನಮ್ಮನೆಯ ಅಜ್ಜ ಕತ್ತಲಲ್ಲಿ ಕಣ್ಣು ಕಾಣದೆ ಕೂತಿದ್ದರು ಎಂದು ಮರುದಿನ ಗೊತ್ತಾದದ್ದು. ಈಗ ಬರುವ ಶನಿವಾರ ಮೊದಲ ಕುಮ್ಸಾರ್. ಫಾದರ್ ಮುಂದೆ ತಪ್ಪುಗಳನ್ನೆಲ್ಲ ಒಪ್ಪಿಕೊಳ್ಳಬೇಕು, ಒಂದನ್ನೂ ಬೇಕೆಂದು ಅಡಗಿಸಬಾರದು ಎಂದು ಸಿಸ್ಟರ್ ಕಲಿಸಿದ್ದಾರೆ.

"ಹೇಳಿದ್ರೆ ಪಪ್ಪನ ಹೆಸರು ಬರ್ತದೆ. ಹೇಳದಿದ್ರೆ ನನ್ನ ಕುಮ್ಸಾರ್ ಹಾಳಾಗ್ತದೆ. ನಾನು ಹೋಗುದೇ ಇಲ್ಲ ಟೀಚರಜ್ಜಿ. ನನಗೆ ಕುಮ್ಗಾರ್ ಬೇಡ." ಪುಸ್ತಕ ಮುಚ್ಚಿ, "ಪಪ್ಪನ ಹತ್ರ ಹೇಳ್ಬೇಡಿ" ಎಂದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಪಾತಕದ ವಿಷಯದಲ್ಲಿ ನಾನು ಹೇಳಿದ್ದು ತಪ್ಪು, ಸುಳ್ಳು ಯಾವ ಭಾಷೆಯಲ್ಲಿ ಹೇಳಿದರೂ ಒಂದೇ ಅಳತೆ ಎಂದು ಎಷ್ಟು ಸಮಾಧಾನ ಮಾಡಿದರೂ ಅವಳಿಗೆ ಹಿಡಿಸಲಿಲ್ಲ. ಪುಸ್ತಕ ಎದೆಗವಚಿಕೊಂಡು ಹೋದಳು. ನನಗೆ ಊಟ ಸೇರಲಿಲ್ಲ. ಅಪ್ಪನ ಮರ್ಯಾದೆ ಉಳಿಸಲು ತನ್ನ ಹಬ್ಬವನ್ನೇ ಬಿಡಲು ಹೊರಟಿರುವ ಮಗುವಿಗೆ ಧರ್ಮ ಕಲಿಸಬೇಕಾದವರು ಯಾರು ಎಂದು ಯೋಚನೆಯಾಯಿತು.

ಮರುದಿನ ಬೆಳಿಗ್ಗೆ ಪಾಸ್ಕಲ್ ಗೇಟಿನಲ್ಲಿ ನಿಂತಿದ್ದ. ಆಟೋ ಸ್ಟಾರ್ಟ್ ಮಾಡಿ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ, ಕೊನೆಗೆ ಇಳಿದು ಬಂದ.

"ಟೀಚರೆ, ನಿನ್ನೆ ಜೊವಿ ಬೆಸಾಂವ್ ಕೇಳ್ಲಿಲ್ಲ."

ಈ ಸಲ ನಾನು ಬಸಳೆಯ ಕಡೆ ತಿರುಗಲಿಲ್ಲ.

"ತೇರ್ಸ್ ಆದ ಕೂಡ್ಲೆ ಎದ್ದು ಹೋಗಿ ಮಲಗಿದ್ಲು. ಜ್ವರವೂ ಇಲ್ಲ, ಎಂತದೂ ಇಲ್ಲ. ಕುಮ್ಸಾರಿಗೆ ಬರುದಿಲ್ಲ ಅಂತಾಳೆ. ಹುಟ್ಟಿದಂದಿನಿಂದ ಅವಳ ತಲೆ ಮುಟ್ಟದೆ ನಾನು ಮಲಗಿದ್ದಿಲ್ಲ ಟೀಚರೆ." ಅಷ್ಟು ದೊಡ್ಡ ಗಂಟಲಿನವನ ಧ್ವನಿ ಕೊನೆಯ ಮಾತಿಗೆ ಬರುವಾಗ ಒಡೆಯಿತು. "ಲವೀನಾ ಕೇಳಿದ್ರೂ ಬಾಯಿ ಬಿಡುದಿಲ್ಲ. ನಿಮ್ಮ ಹತ್ರ ಎಂತಾದ್ರೂ ಹೇಳಿದ್ಲಾ?"

ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಆದರೆ ಮಾತು ಕೊಟ್ಟಿದ್ದೆನಲ್ಲ, ಅದೂ ಸುಳ್ಳಿಗೆ ಹೆದರಿದ ಮಗುವಿಗೆ. ಅವಳ ಮಾತನ್ನು ನಾನು ಹೇಳುವಂತಿರಲಿಲ್ಲ. ನನ್ನದೇ ಪ್ರಶ್ನೆ ಕೇಳಲು ಯಾರ ಅಡ್ಡಿಯೂ ಇರಲಿಲ್ಲ.

"ಅವಳ ಸಂಗತಿ ನಾನು ಹೇಳುದಿಲ್ಲ. ನಿನ್ನ ಹತ್ರ ಒಂದು ಕೇಳ್ತೇನೆ. ನಮ್ಮವರು ಪುತ್ತೂರಿಂದ ಬಂದ ದಿನ ನಾನು ಫೋನ್ ಮಾಡಿದೆ. ಆಗ ನೀನು ಎಲ್ಲಿದ್ದೆ ಪಾಸ್ಕಲ್?"

ಅವನು ಪೆಚ್ಚಾಗಿ ನಿಂತ. ಗೋಡೆಯನ್ನು ನೋಡಿದ. ಅಷ್ಟು ವರ್ಷ ಆ ಗೋಡೆಯ ಪಕ್ಕದಲ್ಲೇ ಬದುಕಿದವನಿಗೆ ಅದರ ಎತ್ತರ ಆಗಷ್ಟೇ ಗೊತ್ತಾದ ಹಾಗಿತ್ತು.

"ನಿಮಗೆ ಕೇಳ್ತಿತ್ತಾ?"

"ನೀನು ಮಗ್ಗಿ ಹೇಳುವಾಗಿಂದ ಕೇಳ್ತಾ ಉಂಟು ನನಗೆ."

ನಗಲಿಲ್ಲ ಅವನು. ಜಗಲಿಯ ತುದಿಯಲ್ಲಿ ಕೂತು ಮುಖವನ್ನು ಎರಡೂ ಅಂಗೈಯಲ್ಲಿ ಉಜ್ಜಿಕೊಂಡ. ಪ್ರಾರ್ಥನೆ ತುಂಡಾಗಬಾರದು ಎಂಬ ಒಂದೇ ಯೋಚನೆಯಲ್ಲಿದ್ದೆ, ಯಾರ ಫೋನ್ ಎಂದು ಸಹ ನೋಡಲಿಲ್ಲ, ಆಮೇಲೆ ನೀವು ಎಂದು ಗೊತ್ತಾದಾಗ ನಾಚಿಕೆಯಲ್ಲಿ ಇನ್ನೊಂದು ಸುಳ್ಳು ಬಾಯಿಗೆ ಬಂತು ಎಂದ. "ಅದನ್ನು ಹೇಳುವಾಗ ಜೊವಿ ನನ್ನ ಎದುರೇ ನಿಂತಿದ್ಲು ಟೀಚರೆ" ಎಂದು ಹೇಳಿ ತಟ್ಟನೆ ತಲೆಯೆತ್ತಿದ. ಎಲ್ಲ ಅರ್ಥವಾಗಿತ್ತು ಅವನಿಗೆ. "ತಪ್ಪಾಯ್ತು" ಎಂದ.

"ಅದನ್ನು ನನಗೆ ಹೇಳಿದ್ರೆ ಅರ್ಧ ಆಯ್ತು, ಅಷ್ಟೆ" ಎಂದೆ. ಪಾಸ್ಕಲ್ ತಲೆಯಾಡಿಸಿ ಎದ್ದು ಹೋದ.

ಆ ದಿನ ಸಂಜೆ ಏಳು ಗಂಟೆಗೆ ಮೊದಲೇ ಅವನು ಮಗಳ ಕೈ ಹಿಡಿದು ನಮ್ಮ ಜಗಲಿಗೆ ಬಂದ. ಇಗರ್ಜಿಗೆ ಹೋಗುವ ಬಿಳಿ ಅಂಗಿ ಹಾಕಿದ್ದ. ಹಿಂದೆ ಲವೀನಾ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು. ಜೊವಿ ನನ್ನ ಕಡೆ ನೋಡಿದಳು, ನೀವು ಹೇಳಿಬಿಟ್ಟಿರಾ ಎಂಬ ನೋಟ. ಇಲ್ಲ ಎಂದು ತಲೆಯಾಡಿಸಿದೆ.

ಪಾಸ್ಕಲ್ ನಮ್ಮವರ ಎದುರು ನಿಂತ. "ಅಣ್ಣ, ಆ ದಿನ ನಾನು ಮನೆಯಲ್ಲೇ ಇದ್ದೆ. ಇಲ್ಲ ಅಂತ ಹೇಳ್ಸಿದೆ. ಆಮೇಲೆ ಟೀಚರಿಗೆ ಇನ್ನೊಂದು ಸುಳ್ಳು ಹೇಳಿದೆ. ನಿಮಗೆ ಕತ್ತಲಲ್ಲಿ ಕೂತ್ಕೊಳ್ಳುವ ಹಾಗಾಯ್ತು. ಕ್ಷಮಿಸ್ಬೇಕು."

"ಎಂತ ಅಂತೆ?" ನಮ್ಮವರು ನನ್ನ ಕಡೆ ತಿರುಗಿದರು.

"ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳ್ತಾ ಇದ್ದಾನೆ" ಎಂದು ಅವರ ಕಿವಿಯ ಬಳಿ ಹೇಳಿದೆ.

"ಅದಕ್ಕೆಂತ? ಟೆಂಪೋದವ ಮುಂದಿನ ಸೀಟು ಕೊಟ್ಟಿದ್ದ, ಪಾಪ" ಎಂದರು ನಮ್ಮವರು.

ಲವೀನಾ ಬಾಯಿಗೆ ಸೆರಗು ಒತ್ತಿಕೊಂಡಳು. ಪಾಸ್ಕಲ್ ಅದನ್ನು ಗಮನಿಸಲಿಲ್ಲ. ಅವನು ಮಗಳ ಮುಂದೆ ಮೊಣಕಾಲೂರಿ ಕೂತಿದ್ದ. ಆ ಎತ್ತರಕ್ಕೆ ಇಬ್ಬರ ಮುಖವೂ ಸಮಸಮ ಬಂದಿತ್ತು. ಕೊಂಕಣಿಯಲ್ಲಿ ಮಾತಾಡಿದರು. ಅಷ್ಟು ಕೊಂಕಣಿ ನನಗೆ ಅರ್ಥವಾಗುತ್ತದೆ.

"ಸುಳ್ಳು ನನ್ನದು ಮಗಾ. ನಿನ್ನ ಬಾಯಲ್ಲಿ ಇಟ್ಟದ್ದು ನಾನು."

"ಹೇಳಿದ್ದು ನಾನಲ್ವಾ? ಅರ್ಧ ನಂದು."

"ಅಪ್ಪ ಹೇಳಿದ ಹಾಗೆ ಕೇಳಿದ್ದು ನೀನು. ನಿನಗೆ ಅದು ಬೇಡ. ಶನಿವಾರ ಇಗರ್ಜಿಯಲ್ಲಿ ನಾನು ಹೇಳ್ತೇನೆ."

ಜೊವಿ ಅವನನ್ನು ಪರೀಕ್ಷೆ ಮಾಡುವವಳ ಹಾಗೆ ನೋಡಿದಳು. "ಫಾದರ್ ಹತ್ರ? ನೀನೇ?"

"ನಾನೇ."

"ಎರಡೂ ಸುಳ್ಳು?"

"ಎರಡೂ."

"ನಿನಗೆ ಹೆದರಿಕೆ ಆಗುದಿಲ್ವಾ ಪಪ್ಪಾ?"

ಇಲ್ಲ ಎನ್ನಬಹುದಿತ್ತು ಅವನು. ಯಾವ ಅಪ್ಪನೂ ಹಾಗೆಯೇ ಹೇಳುತ್ತಿದ್ದ, ಮಗುವಿಗೆ ಧೈರ್ಯ ಕೊಡಲು. ಪಾಸ್ಕಲ್ ಒಂದು ಗಳಿಗೆ ಯೋಚಿಸಿದ. "ಆಗ್ತದೆ" ಎಂದ. "ಕುಮ್ಸಾರಿಗೆ ಹೋಗದೆ ತುಂಬ ಸಮಯ ಆಯ್ತು. ಬೇರೆಯವರನ್ನು ಕಳಿಸಿ ನಾನು ಹಾಡ್ತಾ ನಿಲ್ಲುದು. ಒಳ್ಳೆ ಹೆದರಿಕೆ ಉಂಟು ನನಗೆ."

ಹುಡುಗಿ ಅವನ ಹತ್ತಿರ ಸರಿದಳು. ಅವನ ಕಾಲರಿನಲ್ಲಿ ಮಡಚಿಕೊಂಡಿದ್ದ ಭಾಗವನ್ನು ಬಿಡಿಸಿ ಸರಿ ಮಾಡಿದಳು. ಆ ದಿನ ತೇರ್ಸ್ ಮುಗಿದ ಮೇಲೆ ಗೋಡೆಯಾಚೆಯಿಂದ "ಬೆಸಾಂವ್ ದಿ ಪಪ್ಪಾ" ಎಂಬುದು ಸ್ಪಷ್ಟವಾಗಿ ಕೇಳಿಸಿತು. ಪಾಸ್ಕಲ್ ಏನು ಹೇಳಿದನೆಂದು ಕೇಳಿಸಲಿಲ್ಲ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದು ನಾನು ಕಂಡದ್ದು ಅದೊಂದೇ ಸಲ. ಒಲೆಯ ಮುಂದೆ ನಿಂತು ಕಣ್ಣೊರೆಸಿಕೊಂಡೆ, ಒಗ್ಗರಣೆಯ ಹೊಗೆ ಎಂದು ನಮ್ಮವರಿಗೆ ಹೇಳುವ ಅಗತ್ಯ ಬೀಳಲಿಲ್ಲ, ಅವರು ವಾರ್ತೆ ನೋಡುತ್ತಿದ್ದರು.

ಆದರೆ ಜೊವಿ ಶನಿವಾರ ಬರುತ್ತೇನೆ ಎಂದು ಮಾತ್ರ ಹೇಳಿರಲಿಲ್ಲ. ಅಪ್ಪ ಅಮ್ಮ ಒತ್ತಾಯ ಮಾಡಲೂ ಇಲ್ಲ. ಶನಿವಾರ ಮಧ್ಯಾಹ್ನ ಪಾಸ್ಕಲ್ ಒಬ್ಬನೇ ಬಿಳಿ ಅಂಗಿ ಹಾಕಿ ಆಟೋ ಹೊರಗೆ ತೆಗೆದ. ನನಗೂ ಬರಲು ಹೇಳಿದ್ದ. ಧೈರ್ಯಕ್ಕೆ ಒಬ್ಬರು ಬೇಕು ಎಂದಿದ್ದ. ನಾನು ಹತ್ತಿ ಕೂತಿದ್ದೆ. ಆಟೋ ಹೊರಡುವಷ್ಟರಲ್ಲಿ ಮನೆಯೊಳಗಿಂದ ಓಡಿಬಂದ ಜೊವಿ ನನ್ನ ಪಕ್ಕ ಹತ್ತಿದಳು. ಚಪ್ಪಲಿ ಹಾಕಿದ್ದಳು, ಜಡೆ ಹಾಕಿರಲಿಲ್ಲ. ಏನಾದರೂ ಕೇಳಿದರೆ ಇಳಿದುಬಿಟ್ಟಾಳು ಎಂದು ಇಬ್ಬರೂ ಸುಮ್ಮನಿದ್ದೆವು. ದಾರಿಯಲ್ಲಿ ನಾನೇ ಅವಳ ಕೂದಲು ಹೆಣೆದೆ.

ಇಗರ್ಜಿಯಲ್ಲಿ ಮಕ್ಕಳ ಸಾಲು, ಅವರ ಹಿಂದೆ ಕುಮ್ಸಾರ್ ಬೇಕಾದ ದೊಡ್ಡವರದ್ದು. ನಾನು ಕೊನೆಯ ಬೆಂಚಿನಲ್ಲಿ ಕೂತೆ. ಜೊವಿ ಮಕ್ಕಳ ಸಾಲಿಗೆ ಹೋಗದೆ ಅಪ್ಪನ ಪಕ್ಕ ನಿಂತಳು. ಸಿಸ್ಟರ್ ಬಂದು ಕರೆದರು, ಇಲ್ಲ ಎಂದು ತಲೆಯಾಡಿಸಿದಳು. ಸಾಲು ಮುಂದೆ ಹೋದಷ್ಟೂ ಪಾಸ್ಕಲ್ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ. ಅವನ ಸರದಿ ಬಂತು. ಫಾದರ್ ಕೂತಿದ್ದ ಪರದೆಯ ಹತ್ತಿರ ಹೋದವನು ನಿಂತ. ಒಂದು ಹೆಜ್ಜೆ ಹಿಂದೆ ಬಂದ. ಹೋಗಲಾರನೇನೋ ಎನಿಸಿತು ನನಗೆ.

ಜೊವಿ ಅವನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಮುಂದೆ ದೂಡಿದಳು.

"ಹೋಗು ಪಪ್ಪಾ, ಎಂತ ಆಗುದಿಲ್ಲ. ನಿನ್ನ ಹಿಂದೆಯೇ ನಾನಿದ್ದೇನೆ" ಎಂದಳು.